ನಾದಕ್ಕೆ ಬೆಲೆ ಎಷ್ಟು?

ಹುಟ್ಟಿದ ಕ್ಷಣದಲ್ಲಿಯೇ ಅಳಿದುಹೋಗುವುದು ನಾದದ ಸ್ವಭಾವ. ಚಿತ್ರವನ್ನು ಗೋಡೆಗೆ ತೂಗುಹಾಕಬಹುದು. ಶಿಲ್ಪವನ್ನು ಶತಮಾನಗಳ ಕಾಲ ಕಾಪಾಡಬಹುದು. ತರೀಕೆರೆ ತಾಲ್ಲೂಕಿನ ಅಮೃತಾಪುರದಲ್ಲಿ 1196ರಲ್ಲಿ ನಿರ್ಮಾಣವಾದ ಅಮೃತೇಶ್ವರ ದೇವಾಲಯದ ಶಿಲ್ಪಗಳನ್ನು ನಾವು ಇಂದಿಗೂ ಕಣ್ಣಾರೆ ಕಾಣಬಹುದು. ಆದರೆ ಅಂದು ಆ ಮಂಟಪದಲ್ಲಿ ಮೊಳಗಿದ ಗಾನ ಹೇಗಿತ್ತೆಂಬುದನ್ನು ಬಲ್ಲವರು ಯಾರು? ಕಡೂರು ತಾಲ್ಲೂಕಿನ ದೇವನೂರಿನವನೆಂದು ಪ್ರಸಿದ್ಧನಾದ ಲಕ್ಷ್ಮೀಶನ ‘ಜೈಮಿನಿ ಭಾರತ’ ನಮಗೆ ಉಳಿದಿದೆ; ಅದನ್ನು ಮೊದಲು ವಾಚಿಸಿದವರ ಕಂಠ ಮಾತ್ರ ಉಳಿದಿಲ್ಲ.

ಅಳಿಯುವ ಈ ನಾದವನ್ನು ಹಿಡಿದಿಡುವ ಉಪಾಯವನ್ನು ಮಾನವನು ಕಂಡುಕೊಂಡದ್ದು ತೀರ ಈಚೆಗೆ. 1877ರಲ್ಲಿ ಥಾಮಸ್ ಎಡಿಸನ್ ಫೋನೋಗ್ರಾಫ್ ಯಂತ್ರವನ್ನು ನಿರ್ಮಿಸಿದನು. ಹತ್ತು ವರ್ಷಗಳ ತರುವಾಯ ಎಮಿಲ್ ಬರ್ಲಿನರ್ ಚಪ್ಪಟೆ ತಟ್ಟೆಯ ಗ್ರಾಮಫೋನನ್ನು ರೂಪಿಸಿದನು. 1902ರಲ್ಲಿ ಕಲ್ಕತ್ತೆಯಲ್ಲಿ ಗೌಹರ್ ಜಾನ್ ಅವರ ಗಾಯನ ತಟ್ಟೆಯ ಮೇಲೆ ಮುದ್ರಿತವಾಯಿತು. ಒಂದು ಬದಿಗೆ ಸುಮಾರು ಮೂರು ನಿಮಿಷಗಳ ಹಾಡು. ಅದರೊಡನೆ ಮುಳ್ಳಿನ ಗೊರಗೊರ ಸದ್ದು. ಆದರೂ ಜನ ಬೆರಗಾಗಿ ಕೇಳಿದರು. 1948ರಲ್ಲಿ ದೀರ್ಘಕಾಲ ನುಡಿಯುವ ಎಲ್.ಪಿ. ತಟ್ಟೆಯೂ, 1982ರಲ್ಲಿ ಸಿ.ಡಿ.ಯೂ ಬಂದವು. ಯಂತ್ರ ಉತ್ತಮಗೊಂಡಂತೆಲ್ಲ ಕೇಳುವವನ ಅಪೇಕ್ಷೆಯೂ ಬೆಳೆಯಿತು. ಆ ಅಪೇಕ್ಷೆಯ ಬೆನ್ನಿಗೇ ಒಂದು ವಾದವೂ ಹುಟ್ಟಿತು: ಹೆಚ್ಚು ಬೆಲೆಯ ಯಂತ್ರದಲ್ಲಿ ನಾದ ನಿಜವಾಗಿಯೂ ಹೆಚ್ಚು ಸೊಗಸಾಗಿ ಕೇಳುತ್ತದೆಯೇ? ಅಥವಾ ಅದು ಕೊಂಡವನ ಭ್ರಮೆಯೇ?

ಈ ವಾದವು ದೂರದ ನಗರಗಳಿಗೆ ಮಾತ್ರ ಸೇರಿದ್ದಲ್ಲ. ಕಡೂರು, ತರೀಕೆರೆ, ಅಜ್ಜಂಪುರಗಳ ಸೀಮೆಯಲ್ಲಿಯೂ ಗ್ರಾಮಫೋನು ಕೆಲವೇ ಅನುಕೂಲಸ್ಥರ ಸೊತ್ತಾಗಿದ್ದ ಕಾಲವೊಂದಿತ್ತು. 1965ರಲ್ಲಿ ಸಮೀಪದ ಭದ್ರಾವತಿಯಲ್ಲಿ ಆಕಾಶವಾಣಿ ಕೇಂದ್ರ ಆರಂಭವಾದ ಮೇಲೆ ಸಾಮಾನ್ಯರ ಮನೆಯ ಪುಟ್ಟ ರೇಡಿಯೋ ಪೆಟ್ಟಿಗೆಗೂ ಸಂಗೀತ ಹತ್ತಿರವಾಯಿತು. ಜಾತ್ರೆ, ಮದುವೆ, ನಾಟಕಗಳಿಗೆ ಮೈಕ್ ಸೆಟ್ಟುಗಳು ಬಂದವು. ಇಂದಾದರೋ ಲಕ್ಷಾಂತರ ರೂಪಾಯಿಗಳ ಸ್ಪೀಕರು, ಆಂಪ್ಲಿಫೈಯರುಗಳನ್ನು ಮನೆಯಲ್ಲಿ ಕುಳಿತೇ ತರಿಸಿಕೊಳ್ಳಬಹುದು.

ತರೀಕೆರೆಯ ಒಬ್ಬ ಅಡಿಕೆ ಬೆಳೆಗಾರರ ಮನೆಯನ್ನು ಊಹಿಸಿಕೊಳ್ಳೋಣ. ತಂದೆಗೆ ಸಂಗೀತವೆಂದರೆ ಪ್ರಾಣ. ಬೆಂಗಳೂರಿನಲ್ಲಿ ಉದ್ಯೋಗದಲ್ಲಿರುವ ಮಗನೂ ಅದೇ ಅಭಿರುಚಿಯವನು. “ಅಪ್ಪಾ, ಸ್ಪೀಕರಿಗೆ ಹೋಗುವ ಈ ತಂತಿಯೊಂದನ್ನು ಬದಲಾಯಿಸಿದರೆ ಸಾಕು, ವೀಣೆಯ ಮೀಟು ಎದುರಿಗೇ ಕೇಳಿದಂತಾಗುತ್ತದೆ. ನಲವತ್ತು ಸಾವಿರ ರೂಪಾಯಿ ಅಷ್ಟೆ” ಎನ್ನುತ್ತಾನೆ ಮಗ. “ಅಲ್ಲಪ್ಪಾ, ಆ ಹಣಕ್ಕೆ ತೋಟಕ್ಕೊಂದು ಪಂಪ್‌ಸೆಟ್ ಬರುತ್ತದಲ್ಲ!” ಎನ್ನುತ್ತಾರೆ ತಂದೆ. ಇಬ್ಬರಲ್ಲಿ ಯಾರ ಮಾತು ಸರಿ? ನಲವತ್ತು ಸಾವಿರ ರೂಪಾಯಿ ಕೊಡುವುದಕ್ಕೆ ಮೊದಲು ಇದನ್ನು ವಿಚಾರಿಸುವುದು ವಿವೇಕ.

ಉಭಯ ಪಕ್ಷಗಳ ವಾದವನ್ನೂ ನ್ಯಾಯವಾಗಿ ಕೇಳಬೇಕು. ಶ್ರವಣರಸಿಕರು ಹೇಳುವುದು ಹೀಗೆ: “ಸಂಗೀತವನ್ನು ಸವಿಯುವುದು ಕಿವಿಯೇ ಹೊರತು ಅಳತೆಯ ಉಪಕರಣವಲ್ಲ. ಮಾಪನಯಂತ್ರಕ್ಕೆ ಸಿಕ್ಕದ ಸೂಕ್ಷ್ಮಗಳು ಅನುಭವಸ್ಥನ ಕಿವಿಗೆ ಸಿಕ್ಕುತ್ತವೆ. ನಾವು ಕೇಳಿದ್ದನ್ನು ಇಲ್ಲವೆನ್ನಲು ನೀವು ಯಾರು?” ಪ್ರತಿಪಕ್ಷದವರು ಹೇಳುವುದು ಹೀಗೆ: “ಕಿವಿಗೆ ಕೇಳುವುದೆಲ್ಲವೂ ಗಾಳಿಯ ಕಂಪನವೇ. ಕಂಪನದಲ್ಲಿ ವ್ಯತ್ಯಾಸವಿದ್ದರೆ ಅದನ್ನು ಅಳೆಯಬಹುದು. ಅಳತೆಯಲ್ಲಿ ವ್ಯತ್ಯಾಸವಿಲ್ಲವೆಂದರೆ ಇರುವುದು ನಿಮ್ಮ ಮನಸ್ಸಿನಲ್ಲಿ.” ಎರಡರಲ್ಲಿಯೂ ಸತ್ಯಾಂಶವಿದೆ, ಎರಡರಲ್ಲಿಯೂ ಆತುರವಿದೆ.

ಮೊದಲು ಕಿವಿಯ ವಿಚಾರ. ಆರೋಗ್ಯವಂತನಾದ ಯುವಕನ ಕಿವಿ ಸೆಕೆಂಡಿಗೆ 20ರಿಂದ 20,000ದವರೆಗಿನ ಕಂಪನಗಳನ್ನು ಗ್ರಹಿಸಬಲ್ಲದು. ವಯಸ್ಸಾದಂತೆ ಮೇಲಿನ ಮಿತಿ ಕುಗ್ಗುತ್ತ ಹೋಗುತ್ತದೆ. ಬಹು ಬೆಲೆಯ ಯಂತ್ರವನ್ನು ಕೊಳ್ಳುವ ಶಕ್ತಿ ಬರುವ ವೇಳೆಗೆ ಅದರ ಅತಿ ಸೂಕ್ಷ್ಮ ತಾರಧ್ವನಿಗಳನ್ನು ಕೇಳುವ ಶಕ್ತಿ ಇಳಿದಿರುತ್ತದೆ ಎಂಬುದು ಪ್ರಕೃತಿಯ ವಿನೋದ. ಸದ್ದಿನ ಬಲವನ್ನು ಅಳೆಯುವ ಮಾನ ಡೆಸಿಬೆಲ್. ಐವತ್ತು ವ್ಯಾಟಿನ ಬದಲು ನೂರು ವ್ಯಾಟ್ ಶಕ್ತಿಯನ್ನು ಕೊಟ್ಟರೂ ಏರುವುದು ಮೂರು ಡೆಸಿಬೆಲ್ ಮಾತ್ರ. ಸದ್ದು ಎರಡರಷ್ಟಾಯಿತೆಂದು ಕಿವಿಗೆ ಅನ್ನಿಸಬೇಕಾದರೆ ಸುಮಾರು ಹತ್ತುಪಟ್ಟು ಶಕ್ತಿ ಬೇಕು. ಹಣ ಇಮ್ಮಡಿಯಾದಂತೆ ಸುಖವೂ ಇಮ್ಮಡಿಯಾಗುವುದಿಲ್ಲವೆಂಬ ಪಾಠವನ್ನು ನಮ್ಮ ಇಂದ್ರಿಯವೇ ಕಲಿಸುತ್ತದೆ.

ಕಿವಿಯು ಒಂಟಿಯಾಗಿ ಕೇಳುವುದಿಲ್ಲ. ಅದರ ಜೊತೆಗೆ ಕಣ್ಣೂ ಕೇಳುತ್ತದೆ, ಮನಸ್ಸೂ ಕೇಳುತ್ತದೆ. ಅಮೆರಿಕದ ಹರ್ಮನ್ ಕಂಪನಿಯ ಸಂಶೋಧಕರಾದ ಫ್ಲಾಯ್ಡ್ ಟೂಲ್ ಮತ್ತು ಷಾನ್ ಆಲಿವ್ 1994ರಲ್ಲಿ ಪ್ರಕಟಿಸಿದ ಪರೀಕ್ಷೆಯೊಂದು ಇಲ್ಲಿ ಸ್ಮರಣೀಯ. ನಲವತ್ತು ಮಂದಿ ಶ್ರೋತೃಗಳು ನಾಲ್ಕು ಬಗೆಯ ಸ್ಪೀಕರುಗಳನ್ನು ಮೊದಲು ತೆರೆಯ ಮರೆಯಲ್ಲಿ, ಅನಂತರ ಕಣ್ಣೆದುರಿನಲ್ಲಿ ಕೇಳಿ ಅಂಕಗಳನ್ನು ಕೊಟ್ಟರು. ತೆರೆ ಸರಿದೊಡನೆ ಅಂಕಗಳು ಬದಲಾದವು. ಗಾತ್ರದಲ್ಲಿ ದೊಡ್ಡದಾಗಿ ಭವ್ಯವಾಗಿದ್ದವುಗಳ ಅಂಕ ಏರಿತು. ಅಗ್ಗದ ಪುಟ್ಟ ಸ್ಪೀಕರಿನ ಅಂಕ ಇಳಿಯಿತು. ಗಾಳಿಯ ಕಂಪನದಲ್ಲಿ ಯಾವ ಬದಲಾವಣೆಯೂ ಆಗಿರಲಿಲ್ಲ. ಆ ಶ್ರೋತೃಗಳು ಸುಳ್ಳು ಹೇಳುವವರೂ ಆಗಿರಲಿಲ್ಲ. ತಮಗೆ ಕೇಳಿಸಿದ್ದನ್ನೇ ಅವರು ಪ್ರಾಮಾಣಿಕವಾಗಿ ಬರೆದರು. ಕಂಡದ್ದು ಕೇಳಿದ್ದರೊಳಗೆ ಬೆರೆತುಹೋಗಿತ್ತು, ಅಷ್ಟೆ.

ಆದುದರಿಂದಲೇ ಮರೆಯ ಪರೀಕ್ಷೆ ಅಗತ್ಯವಾಗುತ್ತದೆ. ಇದರ ತತ್ತ್ವ ನಮ್ಮ ಸೀಮೆಯವರಿಗೆ ಹೊಸದೇನೂ ಅಲ್ಲ. ಅಡಿಕೆ ಮಂಡಿಯಲ್ಲಿ ನುರಿತವನು ಹಸ, ಬೆಟ್ಟೆ, ರಾಶಿ, ಗೊರಬಲು ಎಂಬ ತರಗಳನ್ನು ಹಿಡಿ ಅಡಿಕೆ ನೋಡಿಯೇ ಬೇರ್ಪಡಿಸುತ್ತಾನೆ. ಚೀಲದ ಮೇಲೆ ಯಾರ ಹೆಸರಿದೆ ಎಂಬುದನ್ನು ಅವನು ಕೇಳುವುದಿಲ್ಲ. ಹೆಸರನ್ನು ಮರೆಮಾಡಿದರೂ ಅವನ ತೀರ್ಮಾನ ಬದಲಾಗುವುದಿಲ್ಲ. ಜಾನುವಾರು ಜಾತ್ರೆಯಲ್ಲಿ ಎತ್ತನ್ನು ಕೊಳ್ಳುವವನು ಮಾರುವವನ ಹೊಗಳಿಕೆಯನ್ನು ನಂಬದೆ ಹಲ್ಲು ಎಣಿಸುತ್ತಾನೆ, ನಡಿಗೆ ನೋಡುತ್ತಾನೆ. ತಂತಿಯನ್ನು ಕೊಳ್ಳುವವನಿಗೂ ಇದೇ ಎಚ್ಚರ ಇರಬೇಕಲ್ಲವೇ?

ನಮ್ಮ ತಂದೆ ಮಕ್ಕಳು ಮಾಡಬಹುದಾದ ಪರೀಕ್ಷೆ ಹೀಗಿದೆ. ಹಳೆಯ ತಂತಿ, ಹೊಸ ತಂತಿ ಎರಡನ್ನೂ ಸಿದ್ಧವಾಗಿಡಬೇಕು. ನಡುವೆ ಒಂದು ಪಂಚೆಯನ್ನು ಪರದೆಯಂತೆ ಕಟ್ಟಬೇಕು. ಮನೆಯ ಮಗಳು ಪರದೆಯ ಹಿಂದೆ ನಾಣ್ಯ ಚಿಮ್ಮಿ, ಬಿದ್ದ ಮುಖದಂತೆ ಒಂದು ತಂತಿಯನ್ನು ಜೋಡಿಸಬೇಕು. ಸದ್ದಿನ ಬಲ ಎರಡರಲ್ಲಿಯೂ ಸಮನಾಗಿರಬೇಕು. ಏಕೆಂದರೆ ಕೊಂಚ ಜೋರಾಗಿ ಕೇಳುವುದೇ ಉತ್ತಮವೆಂದು ಕಿವಿ ಮೋಸಹೋಗುತ್ತದೆ. ಇದು ಯಾವ ತಂತಿ ಎಂಬುದನ್ನು ಅಣ್ಣನು ಹತ್ತು ಬಾರಿ ಹೇಳಬೇಕು. ಸುಮ್ಮನೆ ಊಹಿಸಿದವನಿಗೂ ಏಳು ಅಥವಾ ಅದಕ್ಕಿಂತ ಹೆಚ್ಚು ಉತ್ತರಗಳು ಸರಿಯಾಗುವ ಸಂಭವ ಸುಮಾರು ಆರರಲ್ಲಿ ಒಂದು. ಆದುದರಿಂದ ಏಳಕ್ಕೆ ಬೀಗುವಂತಿಲ್ಲ. ಒಂಬತ್ತು ಅಥವಾ ಹತ್ತು ಸರಿಯಾಗುವ ಸಂಭವವಾದರೋ 1,024ರಲ್ಲಿ 11 ಮಾತ್ರ. ಅಷ್ಟನ್ನು ಸಾಧಿಸಿದವನ ಮಾತಿಗೆ ಗೌರವ ಸಲ್ಲಬೇಕು. ಹೀಗೆ ವಾಗ್ವಾದದಿಂದ ಬಗೆಹರಿಯದ ಜಗಳವನ್ನು ಒಂದು ಪಂಚೆ, ಒಂದು ನಾಣ್ಯ ಬಗೆಹರಿಸಬಲ್ಲವು.

ಇಂತಹ ಪರೀಕ್ಷೆಗಳು ವಿದ್ವತ್ ಪತ್ರಿಕೆಗಳಲ್ಲಿಯೂ ದಾಖಲಾಗಿವೆ. ಸಿ.ಡಿ.ಯಲ್ಲಿ ನಾದವನ್ನು ಸೆಕೆಂಡಿಗೆ 44,100 ಬಾರಿ ಅಳೆದು ಅಂಕಿಗಳಾಗಿ ಬರೆಯಲಾಗುತ್ತದೆ. ಇನ್ನೂ ಸೂಕ್ಷ್ಮವಾಗಿ ಅಳೆದರೆ ನಾದ ಉತ್ತಮವಾಗುವುದೇ? ಬ್ರಾಡ್ ಮೇಯರ್ ಮತ್ತು ಡೇವಿಡ್ ಮೊರಾನ್ 2007ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ 554 ಉತ್ತರಗಳ ಪೈಕಿ 276 ಸರಿಯಾಗಿದ್ದವು; ಎಂದರೆ ನಾಣ್ಯ ಚಿಮ್ಮಿದ್ದಕ್ಕಿಂತ ಮೇಲಾಗಲಿಲ್ಲ. ಆದರೆ ವಿಷಯ ಅಲ್ಲಿಗೇ ಮುಗಿಯಲಿಲ್ಲ. 2016ರಲ್ಲಿ ಲಂಡನ್ನಿನ ಜೋಷುವಾ ರೈಸ್ ಹದಿನೆಂಟು ಪ್ರಯೋಗಗಳ 12,500ಕ್ಕೂ ಹೆಚ್ಚು ಉತ್ತರಗಳನ್ನು ಒಟ್ಟುಗೂಡಿಸಿ ನೋಡಿದಾಗ ನೂರಕ್ಕೆ 52.3ರಷ್ಟು ಸರಿಯಾಗಿದ್ದವು. ತರಬೇತಿ ಪಡೆದ ಶ್ರೋತೃಗಳಲ್ಲಿ ಈ ಪ್ರಮಾಣ ಸುಮಾರು ಅರವತ್ತಕ್ಕೆ ಏರಿತು. ಹಾಗಾದರೆ ವ್ಯತ್ಯಾಸವೇ ಇಲ್ಲವೆನ್ನುವುದು ದುಡುಕು. ಹಗಲು ರಾತ್ರಿಯಷ್ಟು ವ್ಯತ್ಯಾಸವಿದೆ ಎನ್ನುವುದು ಉತ್ಪ್ರೇಕ್ಷೆ.

ನಂಬಿಕೆಯ ಬಲಕ್ಕೆ ಇನ್ನೊಂದು ನಿದರ್ಶನ 2022ರಲ್ಲಿ ದೊರೆಯಿತು. ಅಮೆರಿಕದ ಮೊಬೈಲ್ ಫಿಡೆಲಿಟಿ ಸೌಂಡ್ ಲ್ಯಾಬ್ ಎಂಬ ಸಂಸ್ಥೆಯ ಎಲ್.ಪಿ. ತಟ್ಟೆಗಳನ್ನು ರಸಿಕರು ಹೆಚ್ಚು ಬೆಲೆ ತೆತ್ತು ಕೊಳ್ಳುತ್ತಿದ್ದರು. ಮೂಲ ಟೇಪಿನಿಂದ ತಟ್ಟೆಯವರೆಗೆ ಎಲ್ಲಿಯೂ ಅಂಕೀಯ ವಿಧಾನ ಸೋಕಿಲ್ಲವೆಂದು ಅವರು ನಂಬಿದ್ದರು. ಅಂಕೀಯ ನಾದದ ‘ಕೃತಕತೆ’ ಅವುಗಳಲ್ಲಿ ಇಲ್ಲವೆಂದು ಕೊಂಡಾಡಿದ್ದರು. ನಡುವೆ ಒಂದು ಅಂಕೀಯ ಹಂತವಿದೆ ಎಂಬುದು ಆ ವರ್ಷದ ಜುಲೈನಲ್ಲಿ ಬಯಲಾಯಿತು. ವರ್ಷಗಟ್ಟಲೆ ಕೇಳಿದ್ದರೂ ಅದನ್ನು ಕಂಡುಹಿಡಿದದ್ದು ಯಾರ ಕಿವಿಯೂ ಅಲ್ಲ. ಆದರೂ ಕೊಂಡವರ ಕೋಪ ನ್ಯಾಯವಾದುದೇ. ವ್ಯತ್ಯಾಸ ಕೇಳಿಸಲಿ, ಕೇಳಿಸದಿರಲಿ, ತಾನು ಮಾರುವುದು ಏನೆಂಬುದನ್ನು ಮಾರುವವನು ಮುಚ್ಚುಮರೆಯಿಲ್ಲದೆ ಹೇಳಬೇಕು.

ಈಗ ನಲವತ್ತು ಸಾವಿರ ರೂಪಾಯಿಯ ತಂತಿಗೆ ಬರೋಣ. ಇದಕ್ಕೆ ಪ್ರೌಢಶಾಲೆಯ ಭೌತವಿಜ್ಞಾನವೇ ಸಾಕು. ಒಂದೂವರೆ ಚದರ ಮಿಲಿಮೀಟರ್ ದಪ್ಪದ ಸಾಧಾರಣ ತಾಮ್ರದ ತಂತಿಯನ್ನು ಐದು ಮೀಟರ್ ದೂರಕ್ಕೆ ಎಳೆದರೆ, ಹೋಗುವ ಹಾದಿ ಬರುವ ಹಾದಿ ಸೇರಿ ಹತ್ತು ಮೀಟರ್ ಆಯಿತು. ಇದರ ರೋಧ ಸುಮಾರು 0.115 ಓಮ್. ಸ್ಪೀಕರಿನದು ಎಂಟು ಓಮ್. ತಂತಿಯಿಂದಾಗುವ ನಷ್ಟ ಸುಮಾರು 0.12 ಡೆಸಿಬೆಲ್, ಇದನ್ನು ಕಿವಿ ಗುರುತಿಸಲಾರದು. ಮನೆಯ ದೀಪಕ್ಕೆ ಎಳೆಯುವ ತಂತಿಯೇ ಇಲ್ಲಿ ಸಾಕು. ಜಾತ್ರೆಯ ಬಯಲಿನಲ್ಲಿ ಐವತ್ತು ಮೀಟರ್ ಎಳೆದಾಗಲಾದರೋ ರೋಧ ಹತ್ತುಪಟ್ಟಾಗಿ ನಷ್ಟ ಒಂದು ಡೆಸಿಬೆಲ್ಲನ್ನು ಮೀರುತ್ತದೆ. ಆದುದರಿಂದಲೇ ಮೈಕ್ ಸೆಟ್ಟಿನವರು ಟ್ರಾನ್ಸ್‌ಫಾರ್ಮರಿನ ನೆರವಿನಿಂದ ವೋಲ್ಟೇಜನ್ನು ನೂರಕ್ಕೆ ಏರಿಸಿ ಕಳುಹಿಸುತ್ತಾರೆ. ಹೆದ್ದಂತಿಗಳಲ್ಲಿ ವಿದ್ಯುತ್ತು ದೂರದ ಊರುಗಳಿಗೆ ಬರುವುದೂ ಇದೇ ಉಪಾಯದಿಂದ. ವಿಜ್ಞಾನವನ್ನರಿತು ಕೆಲಸಮಾಡುವ ಇವರನ್ನು ಶ್ರವಣರಸಿಕರ ಸಾಲಿನಲ್ಲಿ ಯಾರೂ ಎಣಿಸುವುದಿಲ್ಲ!

ಹಾಗಾದರೆ ಹಣ ಎಲ್ಲಿ ಸಾರ್ಥಕವಾಗುತ್ತದೆ? ಮೊದಲನೆಯದಾಗಿ ಸ್ಪೀಕರಿನಲ್ಲಿ. ವಿದ್ಯುತ್ತನ್ನು ಗಾಳಿಯ ಕಂಪನವಾಗಿ ಮಾರ್ಪಡಿಸುವ ಈ ಸಾಧನದಲ್ಲಿ ಒಂದಕ್ಕೂ ಇನ್ನೊಂದಕ್ಕೂ ಇರುವ ಅಂತರವನ್ನು ಅಳೆಯಲೂ ಬಹುದು, ಕೇಳಲೂ ಬಹುದು. ಎರಡನೆಯದಾಗಿ, ಅದಕ್ಕಿಂತ ಮುಖ್ಯವಾಗಿ, ಕೋಣೆಯಲ್ಲಿ. 1895ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾನಿಲಯದ ಹೊಸ ಉಪನ್ಯಾಸ ಮಂದಿರವೊಂದರಲ್ಲಿ ಮಾತು ಅರ್ಥವಾಗದೆ ಹೋಯಿತು. ಆಡಿದ ಶಬ್ದ ಐದೂವರೆ ಸೆಕೆಂಡುಗಳವರೆಗೆ ಅಲ್ಲಿಯೇ ಮೊರೆಯುತ್ತಿತ್ತು. ವ್ಯಾಲೇಸ್ ಸಬೀನ್ ಎಂಬ ತರುಣ ಅಧ್ಯಾಪಕನು ನೆರೆಯ ರಂಗಮಂದಿರದ ಮೆತ್ತೆಗಳನ್ನು ರಾತ್ರಿಯ ವೇಳೆ ಹೊತ್ತು ತಂದು, ಜೋಡಿಸಿ, ಮೊರೆತ ಎಷ್ಟು ತಗ್ಗಿತೆಂದು ಅಳೆದನು. ಕೋಣೆಯ ಗಾತ್ರಕ್ಕೂ ಶಬ್ದವನ್ನು ಹೀರುವ ವಸ್ತುಗಳಿಗೂ ಇರುವ ಸಂಬಂಧ ಹೀಗೆ ತಿಳಿಯಿತು. 1900ರಲ್ಲಿ ತೆರೆದ ಬಾಸ್ಟನ್ನಿನ ಸಂಗೀತ ಮಂದಿರ ಅವನ ಲೆಕ್ಕಾಚಾರದಂತೆ ಕಟ್ಟಿದ್ದು.

ಸಬೀನನ ಸೂತ್ರವನ್ನು ನಮ್ಮ ಮನೆಗೂ ಅನ್ವಯಿಸಬಹುದು. ಐದು ಮೀಟರ್ ಉದ್ದ, ನಾಲ್ಕು ಮೀಟರ್ ಅಗಲ, ಮೂರು ಮೀಟರ್ ಎತ್ತರದ ಹಜಾರವನ್ನು ತೆಗೆದುಕೊಳ್ಳೋಣ. ಸಿಮೆಂಟಿನ ಗೋಡೆ, ಮೊಸಾಯಿಕ್ ನೆಲ, ತಾರಸಿ ಮಾಡು; ಬೇರೇನೂ ಇಲ್ಲ. ಈ ಮೇಲ್ಮೈಗಳು ನೂರಕ್ಕೆ ಮೂರರಷ್ಟು ಶಬ್ದವನ್ನು ಹೀರುತ್ತವೆಂದು ಇಟ್ಟುಕೊಂಡರೆ ಮೊರೆತ ಸುಮಾರು 3.4 ಸೆಕೆಂಡು ನಿಲ್ಲುತ್ತದೆ. ಅದರಲ್ಲಿ ಒಂದು ಸ್ವರ ಮುಗಿಯುವುದರೊಳಗೆ ಮುಂದಿನ ಸ್ವರಗಳು ಅದರ ಮೇಲೆ ಬಿದ್ದು ಕಲಸಿಹೋಗುತ್ತವೆ. ನೂರಕ್ಕೆ ಅರವತ್ತರಷ್ಟು ಶಬ್ದವನ್ನು ಹೀರುವ ಹತ್ತಿಯ ಹಾಸಿಗೆ, ದಪ್ಪ ಪರದೆಗಳನ್ನು ಹತ್ತು ಚದರ ಮೀಟರಿನಷ್ಟು ಇಟ್ಟರೆ ಮೊರೆತ 1.1 ಸೆಕೆಂಡಿಗೆ ಇಳಿಯುತ್ತದೆ. ಮಣ್ಣಿನ ಗೋಡೆ, ಹೆಂಚಿನ ಮಾಡು, ಮೂಲೆಯಲ್ಲಿ ಪೇರಿಸಿದ ಚೀಲಗಳಿದ್ದ ಹಳೆಯ ಮನೆಗಳಲ್ಲಿ ಪುಟ್ಟ ರೇಡಿಯೋ ಕೂಡ ಹಿತವಾಗಿ ಕೇಳುತ್ತಿದ್ದುದರ ಗುಟ್ಟು ಇದೇ. ಮಗನ ನಲವತ್ತು ಸಾವಿರ ಸಾಧಿಸಲಾರದ್ದನ್ನು ಅಟ್ಟದ ಮೇಲಿನ ಎರಡು ಹಾಸಿಗೆಗಳು ಸಾಧಿಸಬಹುದು.

ಇಷ್ಟು ಹೇಳಿದ ಮೇಲೆ ಕಿವಿಯನ್ನು ಹಳಿಯುವುದೇ ವಿಜ್ಞಾನವೆಂದು ಯಾರೂ ಭಾವಿಸಬಾರದು. ತಂಬೂರಿಯ ಕುದುರೆಯ ಮೇಲೆ, ತಂತಿಯ ಕೆಳಗೆ, ಜೀವಾಳಿ ಎಂಬ ನೂಲಿನ ಎಳೆಯೊಂದನ್ನು ಸಿಕ್ಕಿಸುತ್ತಾರೆ. ಅದನ್ನು ಕೂದಲೆಳೆಯಷ್ಟು ಸರಿಸಿದರೆ ನಾದ ಅರಳುತ್ತದೆ ಅಥವಾ ಮುದುಡುತ್ತದೆ. ನಮ್ಮ ವಾದ್ಯಕಾರರು ತಲೆಮಾರುಗಳಿಂದ ಇದನ್ನು ಬಲ್ಲರು. ಆದರೆ ಆಗಿನ ಸಿದ್ಧಾಂತದ ಪ್ರಕಾರ ಮೀಟಿದ ಜಾಗವನ್ನನುಸರಿಸಿ ಕೆಲವು ಅನುಸ್ವರಗಳು ತಂತಿಯಲ್ಲಿ ಹುಟ್ಟಲೇಬಾರದಾಗಿತ್ತು. ಅವು ತಂಬೂರಿಯಲ್ಲಿ ಹುಟ್ಟುತ್ತವೆಂದೂ, ಅದಕ್ಕೆ ಕುದುರೆಯ ಬಾಗು ಮತ್ತು ಆ ನೂಲೇ ಕಾರಣವೆಂದೂ ಸಿ.ವಿ. ರಾಮನ್ ಅವರು 1921ರಲ್ಲಿ ಪ್ರಕಟಿಸಿದ ಲೇಖನದಲ್ಲಿ ತೋರಿಸಿದರು. ಇಲ್ಲಿ ಕಿವಿ ಮುಂದೆ ನಡೆದಿತ್ತು. ಶಾಸ್ತ್ರ ಅದನ್ನು ಹಿಂಬಾಲಿಸಿ ಬಂತು. ಆದರೆ ಶಾಸ್ತ್ರ ಬಂದು ಹುಡುಕಿದಾಗ ವ್ಯತ್ಯಾಸ ಅಳತೆಗೆ ಸಿಕ್ಕಿತೆಂಬುದನ್ನೂ ಮರೆಯಬಾರದು. ಮುಂದೆ 1970ರ ದಶಕದ ಕೊನೆಯಲ್ಲಿ ಬೆಂಗಳೂರಿನ ಇಂಜಿನಿಯರ್ ಹಾಗೂ ಕೊಳಲುವಾದಕ ಜಿ. ರಾಜ್ ನಾರಾಯಣ್ ವಿದ್ಯುನ್ಮಾನ ತಂಬೂರಿಯನ್ನು ರೂಪಿಸಿದರು. ಮರದ ತಂಬೂರಿಯ ಜೀವಂತಿಕೆ ಅದಕ್ಕೆಲ್ಲಿ ಎಂದು ಹಲವರು ಕೇಳುತ್ತಾರೆ, ಕೇಳುವುದು ಸರಿಯೇ. ಆದರೆ ತಂಬೂರಿ ಕೊಳ್ಳಲಾರದ, ಶ್ರುತಿ ಹಿಡಿಯುವವರು ಜೊತೆಗಿಲ್ಲದ ಸಣ್ಣ ಊರಿನ ವಿದ್ಯಾರ್ಥಿನಿಗೆ ಆ ಪೆಟ್ಟಿಗೆಯಿಂದ ಸಂಗೀತದ ಬಾಗಿಲು ತೆರೆಯಿತು. ಬೆಲೆಯನ್ನು ಈ ತಕ್ಕಡಿಯಲ್ಲಿಯೂ ತೂಗಬೇಕು.

ಶ್ರವಣರಸಿಕತೆ ಹೀನವಾದ ಹವ್ಯಾಸವೂ ಅಲ್ಲ. ಮೈಸೂರಿನ ಜಯಚಾಮರಾಜ ಒಡೆಯರ್ ಅವರು ಸುಮಾರು ಇಪ್ಪತ್ತು ಸಾವಿರ ಧ್ವನಿಮುದ್ರಿಕೆಗಳನ್ನು ಕೂಡಿಟ್ಟಿದ್ದರು. ನಾನಾ ಬಗೆಯ ಸ್ಪೀಕರುಗಳೂ ಅವರ ಅರಮನೆಯಲ್ಲಿದ್ದವು. ಆದರೆ ಅವರ ಔದಾರ್ಯ ಯಂತ್ರಗಳಲ್ಲಿಯೇ ನಿಲ್ಲಲಿಲ್ಲ. ಲಂಡನ್ನಿನ ಫಿಲ್‌ಹಾರ್ಮೋನಿಯಾ ವಾದ್ಯವೃಂದಕ್ಕೆ ಅವರು ನೆರವಾದರು; ಬಡತನದಲ್ಲಿದ್ದ ರಷ್ಯದ ಸಂಗೀತಕಾರ ಮೆಡ್ನರ್ ಅವರ ಕೃತಿಗಳು ಧ್ವನಿಮುದ್ರಣಗೊಳ್ಳುವಂತೆ ಮಾಡಿದರು. ರಿಚರ್ಡ್ ಸ್ಟ್ರಾಸ್ ಅವರ ಕೊನೆಯ ನಾಲ್ಕು ಗೀತೆಗಳು 1950ರ ಮೇ 22ರಂದು ಲಂಡನ್ನಿನಲ್ಲಿ ಮೊದಲ ಬಾರಿಗೆ ಪ್ರಸ್ತುತಗೊಂಡಾಗ ಅದರ ವೆಚ್ಚಕ್ಕೆ ಭರವಸೆಯಾಗಿ ನಿಂತವರೂ ಅವರೇ. ಆ ಸಂದರ್ಭದ ಧ್ವನಿಮುದ್ರಣವನ್ನು ಮೈಸೂರಿಗೆ ಕಳುಹಿಸಲಾಯಿತು. ಅದರ ನಾದ ಮಂಕು, ಸದ್ದು ಗೊರಗೊರ. ಯಾವ ಅಳತೆಯಲ್ಲಿಯೂ ಅದು ಕಳಪೆಯೇ. ಆದರೂ ಜಗತ್ತಿನ ಸಂಗೀತಪ್ರಿಯರು ಅದನ್ನು ಇಂದಿಗೂ ಭಕ್ತಿಯಿಂದ ಕೇಳುತ್ತಾರೆ. ಯಂತ್ರದ ಬೆಲೆ ಬೇರೆ, ನಾದದ ಬೆಲೆ ಬೇರೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕೇ?

ಕಡೆಯದಾಗಿ ಒಂದು ಮಾತು. ಧ್ವನಿಸಾಧನಗಳ ಪೈಕಿ ಅತ್ಯಮೂಲ್ಯವಾದುದನ್ನು ಪ್ರಕೃತಿಯು ನಮಗೆ ಉಚಿತವಾಗಿ ಕೊಟ್ಟಿದೆ. ಒಳಗಿವಿಯಲ್ಲಿ ನಾದವನ್ನು ಗ್ರಹಿಸುವ ಸುಮಾರು ಹದಿನೈದು ಸಾವಿರ ರೋಮಕೋಶಗಳಿವೆ. ಅವು ಒಮ್ಮೆ ಸತ್ತರೆ ಮತ್ತೆ ಹುಟ್ಟುವುದಿಲ್ಲ. ಎಂಬತ್ತೈದು ಡೆಸಿಬೆಲ್ ಸದ್ದನ್ನು ದಿನಕ್ಕೆ ಎಂಟು ಗಂಟೆ ತಾಳಬಹುದೆಂದು ತಜ್ಞರು ಹೇಳುತ್ತಾರೆ. ಮೂರು ಡೆಸಿಬೆಲ್ ಏರಿದಾಗಲೆಲ್ಲ ಆ ಅವಧಿ ಅರ್ಧಕ್ಕೆ ಇಳಿಯುತ್ತದೆ. ನೂರು ಡೆಸಿಬೆಲ್ಲಿಗೆ ಉಳಿಯುವುದು ಹದಿನೈದು ನಿಮಿಷ. ಮೆರವಣಿಗೆಯ ಧ್ವನಿವರ್ಧಕದ ಮುಂದೆ ಕುಣಿಯುವ ಹುಡುಗರು, ಕಿವಿಗೆ ಸಿಕ್ಕಿಸಿದ ಇಯರ್‌ಫೋನನ್ನು ತುದಿಯವರೆಗೆ ಏರಿಸುವ ವಿದ್ಯಾರ್ಥಿಗಳು ಈ ಲೆಕ್ಕವನ್ನು ಮರೆಯಬಾರದು. ರಾತ್ರಿ ಹತ್ತರಿಂದ ಬೆಳಗಿನ ಆರರವರೆಗೆ ಧ್ವನಿವರ್ಧಕವನ್ನು ನಿರ್ಬಂಧಿಸುವ 2000ದ ಶಬ್ದಮಾಲಿನ್ಯ ನಿಯಮಗಳು ನಿದ್ರಿಸುವವರ ಹಿತಕ್ಕಾಗಿ ಇರುವಂಥವು; ಹಗಲಿನಲ್ಲಿ ಕಿವಿಯನ್ನು ಕಾಯುವ ಹೊಣೆ ಅವರವರದೇ. ಯಂತ್ರ ಕೆಟ್ಟರೆ ಇನ್ನೊಂದನ್ನು ತರಬಹುದು. ಕಿವಿ ಕೆಟ್ಟರೆ ಯಾವ ಅಂಗಡಿಗೆ ಹೋಗುವುದು?

ಆದುದರಿಂದ, ಕೊಳ್ಳುವ ಮೊದಲು ಅಳೆಯೋಣ. ನಂಬುವ ಮೊದಲು ಪರೀಕ್ಷಿಸೋಣ. ಇನ್ನೊಬ್ಬರ ಸಂತೋಷವನ್ನು ಹೀಗಳೆಯದಿರೋಣ. ಹಣವಿದ್ದವರು ಒಳ್ಳೆಯ ಯಂತ್ರವನ್ನು ಕೊಳ್ಳಲಿ. ಆದರೆ ಇರುವ ಯಂತ್ರದಲ್ಲಿಯೇ ಮನಸ್ಸಿಟ್ಟು ಕೇಳುವುದನ್ನು ಕಲಿತವನಿಗೆ ನಾದದ ಸಂಪತ್ತು ಎಂದಿಗೂ ಕಡಮೆಯಾಗುವುದಿಲ್ಲ.

ಅಭ್ಯಾಸ

1. ಶ್ರವಣರಸಿಕರ ವಾದವೇನು? ಅದಕ್ಕೆ ಪ್ರತಿಪಕ್ಷದವರು ಕೊಡುವ ಉತ್ತರವೇನು?
2. ಮರೆಯ ಪರೀಕ್ಷೆಯನ್ನು ನಡೆಸುವ ಕ್ರಮವನ್ನು ವಿವರಿಸಿರಿ. ಸದ್ದಿನ ಬಲವನ್ನು ಸಮನಾಗಿಡಬೇಕು ಏಕೆ?
3. ತಂಬೂರಿಯ ಉದಾಹರಣೆಯಿಂದ ಲೇಖಕರು ಯಾವ ತತ್ತ್ವವನ್ನು ಸ್ಥಾಪಿಸಿದ್ದಾರೆ?
4. “ಯಂತ್ರದ ಬೆಲೆ ಬೇರೆ, ನಾದದ ಬೆಲೆ ಬೇರೆ” — ಈ ಮಾತನ್ನು ಸಮರ್ಥಿಸಿರಿ.
5. ನಿಮ್ಮ ಶಾಲೆಯ ಒಂದು ಕೊಠಡಿಯನ್ನು ಅಳೆದು, ಅದರಲ್ಲಿ ಮಾತು ಸ್ಪಷ್ಟವಾಗಿ ಕೇಳುವಂತೆ ಮಾಡಲು ಏನು ಮಾಡಬಹುದೆಂದು ಬರೆಯಿರಿ.